ಆರೋಗ್ಯ ವಿಮೆ ಎಲ್ಲರಿಗೂ ಕಡ್ಡಾಯ ಮಾಡಬೇಕಾ? ನಿಮ್ಮ ಅಭಿಪ್ರಾಯ ಹೇಳಿ

ತುಂಗಾತೀರ
ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಸಹಕಾರ ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ. ಫ್ಯಾಕ್ಟರಿಯವರಿಗೆ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ. ಐಟಿಯವರಿಗೆ ಕಂಪನಿ ಪಾಲಿಸಿ. ಇದ್ಯಾವುದೂ ಇಲ್ಲದವರು ಚಿನ್ನ ಅಡ ಇಡಬೇಕು. ನಮ್ಮೂರಲ್ಲಿ ಚಿಕ್ಕ ಅಂಗಡಿ ಇಟ್ಟವರು, ಟೈಲರ್‌ಗಳು, ಆಟೋ ಓಡಿಸುವವರು ಬಹಳ ಜನ ಈ ಕೊನೇ ಗುಂಪಿನಲ್ಲೇ ಇದ್ದಾರೆ.

ನನ್ನ ಪ್ರಶ್ನೆ ಇಷ್ಟು. ದುಡಿಯುವ ಪ್ರತಿಯೊಬ್ಬರೂ ಆದಾಯಕ್ಕೆ ತಕ್ಕಂತೆ ಕಡ್ಡಾಯವಾಗಿ ದುಡ್ಡು ಕಟ್ಟಬೇಕು, ಬಡವರ ಪಾಲು ಸರ್ಕಾರ ಕಟ್ಟಬೇಕು, ಎಲ್ಲರಿಗೂ ಒಂದೇ ಕಾರ್ಡ್ ಅಂತ ಮಾಡಿದರೆ ಹೇಗೆ? ನಾನಂತೂ ಕಟ್ಟಲು ತಯಾರಿದ್ದೇನೆ. ಆದರೆ ಒಂದು ಷರತ್ತು. ಕಾರ್ಡ್ ಹಿಡಿದು ಹೋದಾಗ ಬೆಡ್ ಸಿಗಬೇಕು. ಕಳೆದ ವರ್ಷ ಅತ್ತೆಗೆ ಎದೆನೋವು ಬಂದಾಗ ಒಂದು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ "ಸ್ಕೀಮ್ ಬೆಡ್ ಖಾಲಿ ಇಲ್ಲ, ಕ್ಯಾಶ್ ಆದರೆ ಈಗಲೇ ಅಡ್ಮಿಟ್ ಮಾಡ್ಕೊಳ್ತೀವಿ" ಅಂದರು. ಅದೇ ಆಸ್ಪತ್ರೆ, ಅದೇ ವಾರ್ಡ್. ಹೀಗಿದ್ದರೆ ಕಡ್ಡಾಯವಾಗಿ ಕಟ್ಟಿಸಿಕೊಂಡು ಏನು ಪ್ರಯೋಜನ?

ಗದಗಿನ ಮಾಸ್ತರ
ಕಡ್ಡಾಯ ಆಗಲೇಬೇಕ್ರೀ. ಯಾಕಂದರೆ ಇಷ್ಟ ಇದ್ದವರು ಮಾತ್ರ ಸೇರಿ ಅಂದರೆ ಕಾಯಿಲೆ ಇದ್ದವರಷ್ಟೇ ಸೇರುತ್ತಾರೆ. ಗಟ್ಟಿಮುಟ್ಟಾಗಿರುವವರು "ನನಗ್ಯಾಕೆ" ಅಂತ ಸುಮ್ಮನಿರುತ್ತಾರೆ. ಆಗ ಖರ್ಚು ಜಾಸ್ತಿ, ವಂತಿಗೆ ಕಡಿಮೆ. ವರ್ಷ ವರ್ಷ ವಂತಿಗೆ ಏರಿಸಬೇಕು, ಏರಿಸಿದ ಹಾಗೆ ಇನ್ನಷ್ಟು ಜನ ಬಿಡುತ್ತಾರೆ. ನಮ್ಮ ಊರಿನ ಸೊಸೈಟಿಯಲ್ಲಿ ಯಶಸ್ವಿನಿ ನೋಂದಣಿ ಮಾಡಿಸುವಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ಆಪರೇಷನ್ ಆಗಬೇಕಾದವರು ಮೊದಲ ದಿನವೇ ಬಂದು ನಿಲ್ಲುತ್ತಾರೆ, ಉಳಿದವರನ್ನು ಮನೆಮನೆಗೆ ಹೋಗಿ ಕರೆಯಬೇಕು.

ಹಳೇ ಹುಬ್ಬಳ್ಳಿ
ಬೈಕಿಗೂ ಇನ್ಶೂರೆನ್ಸ್ ಕಡ್ಡಾಯ ಇದೆ. ಎಷ್ಟು ಜನ ರಿನ್ಯೂ ಮಾಡಿಸುತ್ತಾರೆ? ಪೊಲೀಸ್ ಹಿಡಿದಾಗ ಮಾತ್ರ ನೆನಪಾಗುತ್ತೆ.

ಪೀಣ್ಯ ಫಿಟ್ಟರ್
ಕಡ್ಡಾಯ ವಿಮೆ ಹೊಸದೇನಲ್ಲ. ಇಎಸ್ಐ ಕಾಯ್ದೆ ಬಂದಿದ್ದು 1948ರಲ್ಲಿ. ನಮ್ಮಂಥವರು ಕೇಳಿ ಕಟ್ಟಿದ್ದಲ್ಲ, ಸಂಬಳದಲ್ಲೇ ಹಿಡಿಯುತ್ತಾರೆ. ನೌಕರನಿಂದ ಶೇ 0.75, ಮಾಲೀಕರಿಂದ ಶೇ 3.25. ಅಂದರೆ 15,000 ಸಂಬಳಕ್ಕೆ ನನ್ನ ಜೇಬಿನಿಂದ ಹೋಗುವುದು 113 ರೂಪಾಯಿ. ಅದಕ್ಕೆ ನನಗೆ, ಹೆಂಡತಿಗೆ, ಮಕ್ಕಳಿಗೆ ಹೊರರೋಗಿ ಚಿಕಿತ್ಸೆ, ಮಾತ್ರೆ, ಆಪರೇಷನ್ ಎಲ್ಲ ಸೇರುತ್ತೆ. ಹುಷಾರಿಲ್ಲದೆ ಮನೇಲಿದ್ದರೆ ಸಂಬಳದ ಶೇ 70 ಕೊಡುತ್ತಾರೆ, ವರ್ಷಕ್ಕೆ 91 ದಿನದವರೆಗೆ. ಯಾವ ಖಾಸಗಿ ಪಾಲಿಸಿ ಇದನ್ನು ಕೊಡುತ್ತೆ ಹೇಳಿ ನೋಡೋಣ.

ಆದರೆ ಒಂದು ನೋವಿದೆ. ಸಂಬಳ 21,000 ದಾಟಿದರೆ ಇಎಸ್ಐ ಹೋಯಿತು. ಈ ಮಿತಿ ಇಟ್ಟಿದ್ದು 2017ರಲ್ಲಿ. ಆಮೇಲೆ ಅಕ್ಕಿ ಬೇಳೆ ರೇಟ್ ಎಲ್ಲಿಗೆ ಹೋಗಿದೆ, ಮಿತಿ ಮಾತ್ರ ಅಲ್ಲೇ ಇದೆ. ನನಗೆ ಇನ್‌ಕ್ರಿಮೆಂಟ್ ಆಗಿ 21,000 ದಾಟಿತು. ಆ ಅರ್ಧವರ್ಷದ ಅವಧಿ ಮುಗಿಯುವವರೆಗೆ ಹಿಡಿದರು, ಆಮೇಲೆ ನಿಲ್ಲಿಸಿದರು. ಆಗ ಹೆಂಡತಿಗೆ ಥೈರಾಯ್ಡ್ ಮಾತ್ರೆ ನಡೀತಾ ಇತ್ತು. ಅವತ್ತಿಂದ ಮಾತ್ರೆ, ಟೆಸ್ಟ್ ಎಲ್ಲ ಕೈಯಿಂದಲೇ. ಸಂಬಳ ಏರಿತು ಅಂತ ಖುಷಿ ಪಡಬೇಕೋ ಬೇಡವೋ ಅಂತ ಯೋಚಿಸುವ ಹಾಗಾಯಿತು.

ತುಂಗಾತೀರ
@ಪೀಣ್ಯ ಫಿಟ್ಟರ್ ಅಣ್ಣಾ, ನಾನು ಹೇಳಿದ್ದೂ ಇದನ್ನೇ. 21,000 ದಾಟಿದವನು ಸಾಹುಕಾರನಲ್ಲ. ಬಿಪಿಎಲ್ಲೂ ಸಿಗಲ್ಲ, ಇಎಸ್ಐಯೂ ಇಲ್ಲ. ಈ ಮಧ್ಯದವರ ಬಗ್ಗೆ ಯಾರೂ ಮಾತಾಡಲ್ಲ.

ಲೆಕ್ಕಪತ್ರ
ಮಧ್ಯದವರಿಗೆ ಏನೂ ಇಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರ) ಶೇ 30 ಸರ್ಕಾರ ಕೊಡುತ್ತೆ, ವರ್ಷಕ್ಕೆ 1.5 ಲಕ್ಷ ಮಿತಿ. ಬಿಪಿಎಲ್‌ಗೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ. ಬಹಳ ಜನಕ್ಕೆ ಎಪಿಎಲ್ ಭಾಗ ಗೊತ್ತೇ ಇಲ್ಲ.

ಇನ್ನೊಂದು. ಇದನ್ನು ಎಲ್ಲರೂ ವಿಮೆ ಅಂತಾರೆ, ನಮ್ಮ ರಾಜ್ಯದಲ್ಲಿ ಇದರ ನಡುವೆ ವಿಮಾ ಕಂಪನಿಯೇ ಇಲ್ಲ. ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ದುಡ್ಡು ಕೊಡುತ್ತೆ, ಎಲ್ಲ ತೆರಿಗೆ ಹಣ. ಹಾಗಾಗಿ ನಾವು ಪೆಟ್ರೋಲ್, ಸೋಪು, ಬಟ್ಟೆ ಕೊಂಡಾಗಲೆಲ್ಲ ಈಗಾಗಲೇ ಕಡ್ಡಾಯವಾಗಿ ಕಟ್ಟುತ್ತಲೇ ಇದ್ದೇವೆ. ಮತ್ತೆ ಪ್ರತ್ಯೇಕ ವಂತಿಗೆ ಯಾಕೆ? ಇರುವ ತೆರಿಗೆಯಲ್ಲೇ ಆರೋಗ್ಯಕ್ಕೆ ಜಾಸ್ತಿ ಇಡಲಿ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ 2025ಕ್ಕೆ ಜಿಡಿಪಿಯ ಶೇ 2.5ರಷ್ಟು ಸರ್ಕಾರಗಳೇ ಖರ್ಚು ಮಾಡುತ್ತವೆ ಅಂತ ಬರೆದಿದ್ದರು. ಮೊದಲು ಅದನ್ನು ಕೇಳೋಣ.

ಹಾಸನದ ಹುಡುಗಿ
+1. ವಂತಿಗೆ ಅಂತ ಶುರು ಮಾಡಿ ಆಮೇಲೆ ಸೆಸ್ ಅಂತಾರೆ, ಆಮೇಲೆ ಸೆಸ್ ದುಡ್ಡು ಎಲ್ಲಿ ಹೋಯಿತು ಅಂತ ನಾವು ಆರ್‌ಟಿಐ ಹಾಕಬೇಕು.

ಕುಡ್ಲ ದುಬೈ
ಇಲ್ಲಿಯ ಕಥೆ ಹೇಳ್ತೇನೆ. ದುಬೈಯಲ್ಲಿ ಆರೋಗ್ಯ ವಿಮೆ ಕಡ್ಡಾಯ ಆಗಿ ಬಹಳ ವರ್ಷ ಆಯಿತು. 2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನ್ ಕಡೆಯ ಖಾಸಗಿ ನೌಕರರಿಗೂ, ಮನೆಕೆಲಸದವರಿಗೂ ಬಂತು. ವಿಮೆ ಇಲ್ಲದಿದ್ದರೆ ವೀಸಾ ಆಗುವುದೇ ಇಲ್ಲ, ಹಾಗಾಗಿ ತಪ್ಪಿಸಿಕೊಳ್ಳಲು ಆಗಲ್ಲ. ನೌಕರನದ್ದು ಮಾಲೀಕರೇ ಕಟ್ಟಬೇಕು. ಶಾರ್ಜಾ ಕಡೆಯ ಬೇಸಿಕ್ ಪ್ಯಾಕೇಜ್ ವರ್ಷಕ್ಕೆ 320 ದಿರ್ಹಮ್.

ನಮ್ಮ ಊರಿನ ಹುಡುಗರು ಇಲ್ಲಿ ಹೋಟೆಲಿನಲ್ಲಿ, ಸೂಪರ್ ಮಾರ್ಕೆಟಿನಲ್ಲಿ ಕೆಲಸ ಮಾಡುವವರು. ಮೊದಲೆಲ್ಲ ಹಲ್ಲು ನೋವು ಬಂದರೂ ಊರಿಗೆ ಹೋಗುವವರೆಗೆ ಪೇನ್ ಕಿಲ್ಲರ್ ನುಂಗುತ್ತಾ ಇದ್ದರು. ಈಗ ಜ್ವರ ಬಂದರೆ ಕ್ಲಿನಿಕ್ಕಿಗೆ ಹೋಗುತ್ತಾರೆ. ಬೇಸಿಕ್ ಕಾರ್ಡಿಗೆ ದೊಡ್ಡ ಆಸ್ಪತ್ರೆ ಸಿಗಲ್ಲ, ಪ್ರತಿ ಸಲ ಸ್ವಲ್ಪ ಪಾಲು ನಾವೂ ಕೊಡಬೇಕು, ಅದು ನಿಜ. ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ ಮಾರ್ರೆ.

ಲೆಕ್ಕಪತ್ರ
@ಕುಡ್ಲ ದುಬೈ ಅಲ್ಲಿ ವೀಸಾ ಅನ್ನೋ ಹಿಡಿತ ಇದೆ ಸರ್. ಇಲ್ಲಿ ಗಾರೆ ಕೆಲಸದವನ ವಂತಿಗೆಯನ್ನು ಯಾರ ಹತ್ತಿರ ವಸೂಲಿ ಮಾಡ್ತೀರಿ? ಅವನಿಗೆ ಈ ವಾರ ಒಬ್ಬ ಮೇಸ್ತ್ರಿ, ಮುಂದಿನ ವಾರ ಇನ್ನೊಬ್ಬ.

ಸ್ಟುಟ್‌ಗಾರ್ಟ್ ಕನ್ನಡಿಗ
ಜರ್ಮನಿಯಲ್ಲಿ ಇದನ್ನು 1883ರಲ್ಲೇ ಬಿಸ್ಮಾರ್ಕ್ ಕಾಲದಲ್ಲಿ ಶುರು ಮಾಡಿದ್ದು, ಮೊದಲು ಕಾರ್ಮಿಕರಿಗೆ ಮಾತ್ರ. ಎಲ್ಲರಿಗೂ ಹಬ್ಬಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಈಗ ಸಂಬಳದ ಶೇ 14.6, ಅದರ ಮೇಲೆ ಇನ್ನೂ ಸ್ವಲ್ಪ. ಅರ್ಧ ನನ್ನದು, ಅರ್ಧ ಕಂಪನಿಯದು. ಪೇ ಸ್ಲಿಪ್ ನೋಡಿದಾಗ ಹೊಟ್ಟೆ ಉರಿಯುವುದು ನಿಜ. ಆದರೆ ಕೆಲಸ ಇಲ್ಲದ ನನ್ನ ಹೆಂಡತಿ, ಇಬ್ಬರು ಮಕ್ಕಳು ಅದೇ ದುಡ್ಡಲ್ಲಿ ಬರುತ್ತಾರೆ. ಹೆರಿಗೆ ಆದಾಗ ಬಿಲ್ ಅನ್ನುವುದನ್ನು ನಾವು ನೋಡಲೇ ಇಲ್ಲ. ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟ್‌ಗೆ ಮಾತ್ರ ವಾರಗಟ್ಟಲೆ ಕಾಯಬೇಕು, ಚರ್ಮದ ಡಾಕ್ಟರ್ ಅಂದರೆ ತಿಂಗಳುಗಟ್ಟಲೆ.

ನನಗೆ ಮುಖ್ಯ ಅನ್ನಿಸಿದ್ದು ಏನೆಂದರೆ, ಇಲ್ಲಿ ಅದೇ ಕಾರ್ಡನ್ನು ಇಂಜಿನಿಯರೂ ತೋರಿಸುತ್ತಾನೆ, ಬಸ್ ಡ್ರೈವರೂ ತೋರಿಸುತ್ತಾನೆ. ಕೌಂಟರಿನಲ್ಲಿ ನಿಂತಾಗ "ಸ್ಕೀಮ್ ಪೇಷೆಂಟ್" ಅನ್ನುವ ಬೇರೆ ಜಾತಿ ಇಲ್ಲ. ಜಾಸ್ತಿ ಸಂಬಳದವರು ಖಾಸಗಿ ವಿಮೆಗೆ ಹೋಗಬಹುದು, ಅವರಿಗೆ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತೆ. ಅದರ ಬಗ್ಗೆ ಇಲ್ಲೂ ಜಗಳ ಇದೆ.

ಹಳೇ ಹುಬ್ಬಳ್ಳಿ
ಅಮೆರಿಕದಲ್ಲೂ ಕಡ್ಡಾಯ ಮಾಡಿದ್ದರಲ್ಲ? ಒಬಾಮಾ ಕಾಲದಲ್ಲಿ.

ಬಸವನಗುಡಿ ನಿವೃತ್ತ
ಹೌದು, 2010ರ ಕಾನೂನು. ವಿಮೆ ತಗೊಳ್ಳದವರಿಗೆ ದಂಡ ಇತ್ತು. 2019ರಿಂದ ಆ ದಂಡ ಸೊನ್ನೆ ಮಾಡಿದರು. ಆದರೆ ಹಳೇ ಕಾಯಿಲೆ ಇದೆ ಅಂತ ವಿಮೆ ನಿರಾಕರಿಸುವ ಹಾಗಿಲ್ಲ ಅನ್ನುವ ನಿಯಮ ಉಳಿಯಿತು. ನನಗೆ ಬೇಕಾಗಿರುವುದು ಅದೇ.

ನನ್ನ ವಿಷಯ ಹೇಳುತ್ತೇನೆ. ನೌಕರಿಯಲ್ಲಿ ಇರುವವರೆಗೆ ಕಂಪನಿ ಪಾಲಿಸಿ ಇತ್ತು. ನಿವೃತ್ತಿಯ ದಿನ ಹಾರ, ಶಾಲು ಹಾಕಿದರು, ಪಾಲಿಸಿಯೂ ಅವತ್ತೇ ಮುಗಿಯಿತು. ಹೊಸದಾಗಿ ತಗೊಳ್ಳಲು ಹೋದರೆ ಬಿಪಿ ಇದೆ, ಶುಗರ್ ಇದೆ ಅಂತ ಪ್ರೀಮಿಯಂ ಏರಿಸಿದರು. ಹಳೇ ಕಾಯಿಲೆಗೆ ಮೂರು ವರ್ಷ ಕಾಯಬೇಕು ಅಂದರು. ಮೊದಲು ಇದು ನಾಲ್ಕು ವರ್ಷದವರೆಗೆ ಇತ್ತು, ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಮೂರಕ್ಕೆ ಇಳಿಸಿತು. 65 ದಾಟಿದವರಿಗೂ ಪಾಲಿಸಿ ಕೊಡಬಹುದು ಅಂತಲೂ ಆಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿ ಮೇಲಿದ್ದ ಶೇ 18 ಜಿಎಸ್‌ಟಿ ತೆಗೆದರು. ಎಲ್ಲ ಒಳ್ಳೆಯದೇ. ಆದರೆ ಪ್ರೀಮಿಯಮ್ಮೇ ಪಿಂಚಣಿಯ ದೊಡ್ಡ ಪಾಲು ತಿಂದರೆ ಈ ಸುಧಾರಣೆ ನನ್ನ ಮನೆ ಬಾಗಿಲಿಗೆ ಬಂದ ಹಾಗಾಗಲ್ಲ.

ದುಡಿಯುವ ಕಾಲದಲ್ಲೇ ಎಲ್ಲರಿಂದ ಕಡ್ಡಾಯವಾಗಿ ಹಿಡಿದಿದ್ದರೆ, ಈ ವಯಸ್ಸಿನಲ್ಲಿ ಯಾವ ಏಜೆಂಟಿನ ಮುಂದೆಯೂ ನಾನು ರಿಪೋರ್ಟ್ ಹರಡಿಕೊಂಡು ಕೂರಬೇಕಿರಲಿಲ್ಲ. ಹಾಗಾಗಿ ನನ್ನ ಓಟು ಕಡ್ಡಾಯಕ್ಕೆ.

ರೈತ ಶಿರಾ
ಸಂಬಳದಲ್ಲಿ ಹಿಡಿಯೋದು, ಸಂಬಳದಲ್ಲಿ ಹಿಡಿಯೋದು ಅಂತೀರಿ. ನಮಗೆ ಸಂಬಳ ಎಲ್ಲಿದೆ? ಮಳೆ ಬಂದರೆ ಶೇಂಗಾ, ಇಲ್ಲದಿದ್ದರೆ ಇಲ್ಲ. ತಿಂಗಳಿಗೆ ಇಷ್ಟು ಅಂತ ಕಡ್ಡಾಯ ಮಾಡಿದರೆ ಕಟ್ಟೋಕಾಗಲ್ಲ. ಕಟ್ಟದಿದ್ದರೆ ಕಾರ್ಡ್ ರದ್ದು ಅಂತಾರೆ. ಬೆಳೆ ಹೋದ ವರ್ಷವೇ ಕಾಯಿಲೆಯೂ ಬರೋದು.

ಗದಗಿನ ಮಾಸ್ತರ
@ರೈತ ಶಿರಾ ಅಣ್ಣಾ, ಅದಕ್ಕೆ ಯಶಸ್ವಿನಿ ಒಂದು ದಾರಿ ತೋರಿಸಿದೆ. 2003ರಲ್ಲಿ ಡಾ. ದೇವಿ ಶೆಟ್ಟಿ ಅವರ ಯೋಚನೆ, ಸಹಕಾರ ಇಲಾಖೆಯ ಜಾಲ. ಆಗ ತಿಂಗಳಿಗೆ ತಲೆಗೆ ಐದು ರೂಪಾಯಿ. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು ಅಂತ ನಿಲ್ಲಿಸಿದರು, ಹಳ್ಳಿಯಲ್ಲಿ ಜನ ಬಹಳ ಬೇಜಾರು ಮಾಡಿಕೊಂಡರು. 2022ರಲ್ಲಿ ಮತ್ತೆ ಶುರುವಾದಾಗ ಗ್ರಾಮೀಣದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500, ಪಟ್ಟಣದಲ್ಲಿ 1,000 ಅಂತ ಇಟ್ಟರು. ಚಿಕಿತ್ಸೆಗೆ 5 ಲಕ್ಷದವರೆಗೆ. ಬೆಳೆ ಸಾಲ ನವೀಕರಿಸಲು ಸೊಸೈಟಿಗೆ ಹೇಗೂ ಬರುತ್ತೀರಿ, ಅವತ್ತೇ ವರ್ಷಕ್ಕೊಮ್ಮೆ ಕಟ್ಟಿದರಾಯಿತು. ಬರಗಾಲ ಘೋಷಣೆಯಾದ ತಾಲ್ಲೂಕಿನಲ್ಲಿ ಆ ವರ್ಷದ್ದು ಸರ್ಕಾರವೇ ಕಟ್ಟಲಿ. ಇದನ್ನು ಕಾನೂನಿನಲ್ಲೇ ಬರೆಯಬೇಕು.

ರೈತ ಶಿರಾ
ಹಾಗೆ ಬರೆದರೆ ಒಪ್ಪುತ್ತೇನೆ. ಬಾಯಿ ಮಾತಲ್ಲಿ ಬೇಡ.

ತಾಲ್ಲೂಕು ಡಾಕ್ಟರ್
ನನ್ನದು ಸಣ್ಣ ನರ್ಸಿಂಗ್ ಹೋಮ್, 20 ಬೆಡ್. "ಸ್ಕೀಮ್ ಬೆಡ್ ಇಲ್ಲ" ಅನ್ನುವ ಆಸ್ಪತ್ರೆಗಳನ್ನು ನಾನು ಸಮರ್ಥಿಸಲ್ಲ, ಒಂದೇ ವಾರ್ಡಲ್ಲಿ ಕ್ಯಾಶಿಗೆ ಬೆಡ್ ಇದ್ದು ಕಾರ್ಡಿಗೆ ಇಲ್ಲ ಅನ್ನುವುದು ತಪ್ಪೇ. ಆದರೆ ನಮ್ಮ ಕಡೆಯದನ್ನೂ ಕೇಳಿ. ಪ್ಯಾಕೇಜ್ ದರ ವರ್ಷಾನುಗಟ್ಟಲೆ ಪರಿಷ್ಕರಣೆ ಆಗಲ್ಲ. ಆಪರೇಷನ್ ಮಾಡಿ, ಪೇಷೆಂಟ್ ಮನೆಗೆ ಹೋಗಿ ತಿಂಗಳುಗಳಾದರೂ ದುಡ್ಡು ಬರಲ್ಲ. ಔಷಧಿ ಏಜೆನ್ಸಿಯವನು, ಸಿಸ್ಟರ್‌ಗಳು, ಕರೆಂಟ್ ಬಿಲ್ ಯಾರೂ ಕಾಯಲ್ಲ. ದೊಡ್ಡ ಕಾರ್ಪೊರೇಟ್ ಆಸ್ಪತ್ರೆ ತಡೆದುಕೊಳ್ಳುತ್ತೆ, ನಮ್ಮಂಥವರು ಮುಚ್ಚುತ್ತೇವೆ. ಆಮೇಲೆ ತಾಲ್ಲೂಕಿಗೆ ತಾಲ್ಲೂಕೇ ಖಾಲಿ, ಎಲ್ಲರೂ ಬೆಂಗಳೂರಿಗೆ ಆಂಬುಲೆನ್ಸ್ ಓಡಿಸಬೇಕು.

ಹಾಸನದ ಹುಡುಗಿ
@ತಾಲ್ಲೂಕು ಡಾಕ್ಟರ್ ಸರ್, ದುಡ್ಡು ತಡ ಆಗುವುದು ಅನ್ಯಾಯ, ಒಪ್ಪಿದೆ. ಆದರೆ 2017ರಲ್ಲಿ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ತಂದಾಗ ನೀವೆಲ್ಲ ಒಪಿಡಿ ಮುಚ್ಚಿ ಬೆಳಗಾವಿಗೆ ಹೋಗಿ ಧರಣಿ ಕೂತಿರಲ್ಲ? ರಮೇಶ್ ಕುಮಾರ್ ಆರೋಗ್ಯ ಮಂತ್ರಿ ಆಗಿದ್ದಾಗ. ಆ ವಾರ ಜನ ಎಷ್ಟು ಒದ್ದಾಡಿದರು. ಕೊನೆಗೆ ಮಸೂದೆಯ ಹಲ್ಲು ಕಿತ್ತರು.

ತಾಲ್ಲೂಕು ಡಾಕ್ಟರ್
ಜೈಲು ಶಿಕ್ಷೆಯ ಮಾತು ಇತ್ತು ಅದರಲ್ಲಿ. ರಾತ್ರಿ ಎರಡು ಗಂಟೆಗೆ ಸೀರಿಯಸ್ ಕೇಸ್ ಮುಟ್ಟಲು ಯಾರಿಗೆ ಧೈರ್ಯ ಬರುತ್ತೆ? ಆದರೂ ಪೂರ್ತಿ ಹಲ್ಲು ಕಿತ್ತರು ಅನ್ನಬೇಡಿ. ದರಪಟ್ಟಿ ಹಾಕಬೇಕು, ತುರ್ತು ಸಮಯದಲ್ಲಿ ಮುಂಗಡ ಕೊಡಿ ಅಂತ ಚಿಕಿತ್ಸೆ ತಡೆಯಬಾರದು, ಬಿಲ್ ಬಾಕಿ ಇದೆ ಅಂತ ಶವ ಹಿಡಿದಿಟ್ಟುಕೊಳ್ಳಬಾರದು ಅನ್ನುವುದು ಕಾನೂನಿನಲ್ಲಿ ಉಳಿದಿದೆ. ಜನ ಅದನ್ನು ಕೇಳಬೇಕು.

ಮಂಡ್ಯದ ಮಗ
ಶವಕ್ಕೂ ದುಡ್ಡು ಕೇಳೋದು ಕಾನೂನಿಗೆ ವಿರುದ್ಧ ಅಂತ ಎಷ್ಟು ಮನೆಯವರಿಗೆ ಗೊತ್ತು? ನಮ್ಮ ಚಿಕ್ಕಪ್ಪನ ವಿಷಯದಲ್ಲಿ ಗೊತ್ತಿರಲಿಲ್ಲ. ಬಡ್ಡಿಗೆ ತಂದು ಕಟ್ಟಿ ಕರೆದುಕೊಂಡು ಬಂದೆವು. ಇದನ್ನು ಪ್ರತಿ ಆಸ್ಪತ್ರೆ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ಸಿಸ್ಟರ್ ಎಂ
ನಾನು ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಎಲ್ಲರೂ ಆಪರೇಷನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ದಿನಾ ನೋಡುವುದು ಬೇರೆ. ಸ್ಟೆಂಟ್ ಹಾಕಿಸಿಕೊಂಡು, ಒಂದು ರೂಪಾಯಿ ಕೊಡದೆ ಮನೆಗೆ ಹೋದ ಅಜ್ಜ ಆರು ತಿಂಗಳಿಗೆ ವಾಪಸ್ ಬರುತ್ತಾರೆ. ಮಾತ್ರೆ ಚೀಲ ತೆಗೆದು ತೋರಿಸಿ ಅಂದರೆ ಸ್ಟ್ರಿಪ್ಪಿನಲ್ಲಿ ಅರ್ಧ ಮಾತ್ರೆ ಹಾಗೇ ಇರುತ್ತೆ. ಯಾಕಜ್ಜ ಅಂದರೆ, "ಒಂದು ದಿನ ಬಿಟ್ಟು ಒಂದು ದಿನ ನುಂಗ್ತೀನಿ ಕಣವ್ವಾ, ತಿಂಗಳ ಪೂರ್ತಿ ತರೋಕಾಗಲ್ಲ" ಅಂತಾರೆ. ಆಪರೇಷನ್ನಿಗೆ ಲಕ್ಷಗಟ್ಟಲೆ ಕೊಟ್ಟ ಯೋಜನೆ, ಅದನ್ನು ಉಳಿಸುವ ತಿಂಗಳ ಮಾತ್ರೆಗೆ ಕೊಡಲ್ಲ. ನಮ್ಮಲ್ಲಿ ಸ್ಟಾಕ್ ಇದ್ದರೆ ಕೊಡುತ್ತೇವೆ, ಇಲ್ಲದಿದ್ದರೆ ಹೊರಗೆ ಬರೆದುಕೊಡುತ್ತಾರೆ.

ನನ್ನನ್ನು ಕೇಳಿದರೆ ಕಡ್ಡಾಯ ವಂತಿಗೆ ತಗೊಳ್ಳಲಿ. ಆದರೆ ಮೊದಲ ಪಾಲು ಹೊರರೋಗಿ ಮಾತ್ರೆಗೆ, ರಕ್ತ ಪರೀಕ್ಷೆಗೆ, ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

ಪೀಣ್ಯ ಫಿಟ್ಟರ್
ಸಿಸ್ಟರ್, ನೂರಕ್ಕೆ ನೂರು. ಇಎಸ್ಐ ಡಿಸ್ಪೆನ್ಸರಿ ಕಿತ್ತುಹೋಗಿದೆ ಅಂತ ಬೈಯುತ್ತಿದ್ದೆವು, ಆದರೆ ಮಾತ್ರೆ ಅಲ್ಲೇ ಸಿಗುತ್ತಿತ್ತು.

ಲೆಕ್ಕಪತ್ರ
ಅಂಕಿ ಅಂಶ ಹೇಳುತ್ತೇನೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇತ್ತು, 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ ಅಂತ ಸರ್ಕಾರದ ಲೆಕ್ಕ. ಇಳಿದಿರುವುದು ಒಳ್ಳೆಯದೇ. ಆದರೆ ಈಗಲೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿ ರೋಗಿಯ ಜೇಬಿನಿಂದ. ಅದರಲ್ಲಿ ಔಷಧಿಯದೇ ದೊಡ್ಡ ಪಾಲು.

ಹಳೇ ಹುಬ್ಬಳ್ಳಿ
ಹಾಗಾದರೆ ಈ ಕಾರ್ಡುಗಳಿಂದ ಏನೂ ಆಗಿಲ್ಲ ಅಂತೀರಾ?

ಗದಗಿನ ಮಾಸ್ತರ
ಆಗಿದೆ. ವಾಜಪೇಯಿ ಆರೋಗ್ಯಶ್ರೀ ಅಂತ ಬಡವರ ಚಿಕಿತ್ಸೆಗೆ ರಾಜ್ಯದ ಯೋಜನೆ ಇತ್ತು ನೆನಪಿದೆಯಾ? ಮೊದಲು ಬಂದಿದ್ದು ನಮ್ಮ ಉತ್ತರ ಕರ್ನಾಟಕಕ್ಕೆ. ಯೋಜನೆ ಬಂದ ಹಳ್ಳಿ, ಗಡಿಯಾಚೆ ಇನ್ನೂ ಬರದ ಪಕ್ಕದ ಹಳ್ಳಿ, ಎರಡನ್ನೂ ಹೋಲಿಸಿ ಒಂದು ಅಧ್ಯಯನ ಮಾಡಿದ್ದರು. 2014ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಅಷ್ಟು ಜನ ಉಳಿದರು. ಇದನ್ನು ಸಣ್ಣದು ಅನ್ನಬೇಡಿ.

ಮಂಡ್ಯದ ಮಗ
ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯೂ ಒಳ್ಳೆಯದು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹಾರ್ಟ್ ಅಟ್ಯಾಕ್ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಯಾವ ಕಾರ್ಡೂ ಕೇಳಲ್ಲ. ನಮ್ಮ ಪಕ್ಕದ ಮನೆಯವರು ಅದರಿಂದಲೇ ಬದುಕಿ ಆಮೇಲೆ ಮೈಸೂರಿನ ಜಯದೇವಕ್ಕೆ ಹೋದರು. ಸುಧಾರಣೆ ಅಂದರೆ ಇದು.

ತುಂಗಾತೀರ
ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು ಹೇಳುತ್ತೇನೆ. ಕಡ್ಡಾಯ ಆಗಲಿ ಅನ್ನುವ ನನ್ನ ಮಾತಿಗೆ ಈಗಲೂ ಬದ್ಧ. ಆದರೆ ಕಡ್ಡಾಯ ಅನ್ನುವುದು ಎರಡೂ ಕಡೆ ಇರಬೇಕು. ನಾನು ಕಟ್ಟುವುದು ಕಡ್ಡಾಯ ಆದರೆ ಆಸ್ಪತ್ರೆ ಬೆಡ್ ಕೊಡುವುದೂ ಕಡ್ಡಾಯ. ಸರ್ಕಾರ ಆಸ್ಪತ್ರೆಗೆ ಇಂತಿಷ್ಟು ದಿನದಲ್ಲಿ ದುಡ್ಡು ಕೊಡುವುದೂ ಕಡ್ಡಾಯ, ತಡವಾದರೆ ಬಡ್ಡಿ ಸೇರಿಸಿ ಕೊಡಲಿ. ಎಷ್ಟು ಬೆಡ್ ಖಾಲಿ ಇದೆ ಅಂತ ಕೋವಿಡ್ ಕಾಲದಲ್ಲಿ ಆನ್‌ಲೈನ್‌ನಲ್ಲಿ ತೋರಿಸುತ್ತಿದ್ದರಲ್ಲ, ಈಗ ಯಾಕೆ ಆಗಲ್ಲ?

ಲೆಕ್ಕಪತ್ರ
ಕೋವಿಡ್ ಕಾಲದಲ್ಲಿ ಆ ಪಟ್ಟಿಯಲ್ಲೇ ಬೆಡ್ ಬ್ಲಾಕಿಂಗ್ (ಬೇರೆಯವರ ಹೆಸರಲ್ಲಿ ಬೆಡ್ ಹಿಡಿದಿಡುವ) ಗಲಾಟೆ ಆಗಿತ್ತು, ಮರೆತಿರಾ? ಪಟ್ಟಿ ಸಾಲಲ್ಲ, ಮೇಲೆ ಕಣ್ಣಿಡುವವರು ಬೇಕು. ನಾನು ಈಗಲೂ ಪ್ರತ್ಯೇಕ ವಂತಿಗೆಗೆ ವಿರೋಧ. ವಂತಿಗೆ ಕಟ್ಟಿದವನಿಗೆ ಮಾತ್ರ ಹಕ್ಕು ಅಂತ ಆದರೆ ಕಟ್ಟದವನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಆ ಗಾರೆ ಕೆಲಸದವನೇ ಹೊರಗೆ ಉಳಿಯುವುದು.

ಬಸವನಗುಡಿ ನಿವೃತ್ತ
ತೆರಿಗೆಯಿಂದಲೇ ಕೊಡಲಿ ಅನ್ನುವುದನ್ನು ನಾನು ನೌಕರಿಗೆ ಸೇರಿದ ಕಾಲದಿಂದ ಕೇಳುತ್ತಿದ್ದೇನೆ. ಬಜೆಟ್ಟಿನಲ್ಲಿ ಯಾವುದಾದರೂ ಕಡಿತ ಬಂದರೆ ಮೊದಲು ಕತ್ತರಿ ಬೀಳುವುದು ಆರೋಗ್ಯಕ್ಕೆ. ಬೇರೆ ಕಡೆ ತಿರುಗಿಸಲಾಗದ ಪ್ರತ್ಯೇಕ ನಿಧಿ ಇದ್ದರೆ ಮಾತ್ರ ದುಡ್ಡು ಉಳಿಯುತ್ತೆ.

ಹಾಸನದ ಹುಡುಗಿ
ವಿಷಯ ಬೇರೆ, ಆದರೆ ಅರ್ಜೆಂಟ್. ಅಮ್ಮನಿಗೆ ಗರ್ಭಕೋಶದ ಆಪರೇಷನ್ ಹೇಳಿದ್ದಾರೆ. ಬಿಪಿಎಲ್ ಕಾರ್ಡ್ ಇದೆ. ನೇರವಾಗಿ ಖಾಸಗಿಗೆ ಹೋಗಬಹುದಾ, ರೆಫರಲ್ ಬೇಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಸಿಸ್ಟರ್ ಎಂ
ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಮ್ಮ. ಆ ಆಪರೇಷನ್ ಬಹಳಷ್ಟು ಕಡೆ ಜಿಲ್ಲಾ ಆಸ್ಪತ್ರೆಯಲ್ಲೇ ಆಗುತ್ತೆ. ಅಲ್ಲಿ ಸೌಲಭ್ಯ ಇಲ್ಲ ಅಂದರೆ ಅವರೇ ರೆಫರಲ್ ಬರೆದು ಕೊಡುತ್ತಾರೆ, ಅದನ್ನು ತಗೊಂಡು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ರೆಫರಲ್ ಇಲ್ಲದೆ ಹೋಗಿ ಅಡ್ಮಿಟ್ ಆದರೆ ಕ್ಲೇಮ್ ನಿಂತುಹೋಗುತ್ತೆ. ಹಾರ್ಟ್ ಅಟ್ಯಾಕಿನಂಥ ತುರ್ತು ಪಟ್ಟಿಯಲ್ಲಿರುವ ಕಾಯಿಲೆಗೆ ಮಾತ್ರ ರೆಫರಲ್ ಬೇಡ.

ರೇಷನ್ ಕಾರ್ಡ್, ಆಧಾರ್ ಎರಡೂ ಇರಲಿ. ಎರಡರಲ್ಲೂ ಅಮ್ಮನ ಹೆಸರು ಒಂದೇ ಥರ ಇದೆಯಾ ಈಗಲೇ ನೋಡಿಕೋ, ಕೊನೇ ಗಳಿಗೆಯಲ್ಲಿ ಸಿಕ್ಕಿಕೊಳ್ಳುವುದು ಅಲ್ಲೇ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ, ಅವರ ಹತ್ತಿರ ಅಪ್ರೂವಲ್ ಬಂತಾ ಅಂತ ಕೇಳಿಕೊಂಡೇ ಅಡ್ಮಿಟ್ ಮಾಡಿಸು. ಯಾರಾದರೂ ಮೇಲೆ ದುಡ್ಡು ಕೇಳಿದರೆ ಬರಹದಲ್ಲಿ ಕೇಳು, 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡು.

ಹಾಸನದ ಹುಡುಗಿ
ಥ್ಯಾಂಕ್ಸ್ ಅಕ್ಕಾ. ಆಧಾರ್‌ನಲ್ಲಿ ಇನಿಶಿಯಲ್ ಬೇರೆ ಇದೆ. ನಾಳೆ ಬೆಳಗ್ಗೆಯೇ ಸರಿ ಮಾಡಿಸೋಕೆ ಹೋಗ್ತೀನಿ.